ಬಿಎಂಐ ಸಾಕೇ, ಟೇಪೂ ಬೇಕೇ? ತೂಕ ಸರಿಯಿದೆಯೇ ಎಂದು ತಿಳಿಯುವ ಅಳತೆಗಳ ಹೋಲಿಕೆ

ಇಬ್ಬರು ಗಂಡಸರು. ಇಬ್ಬರ ಎತ್ತರವೂ 170 ಸೆಂ.ಮೀ., ತೂಕ 74 ಕೆ.ಜಿ. ಲೆಕ್ಕ ಹಾಕಿದರೆ ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 25.6. ಆದರೆ ಒಬ್ಬನ ಹೊಟ್ಟೆಯ ಸುತ್ತಳತೆ 82 ಸೆಂ.ಮೀ., ಇನ್ನೊಬ್ಬನದು 97. ತಪಾಸಣೆಯ ಚೀಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ‘ಅಧಿಕ ತೂಕ’ ಎಂದೇ ಬರೆದಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳ ಬಗ್ಗೆ ಹೆಚ್ಚು ಎಚ್ಚರ ಬೇಕಾದದ್ದು ಮಾತ್ರ ಎರಡನೆಯವನಿಗೆ. ಬಿಎಂಐ ಇಲ್ಲಿ ಸುಳ್ಳು ಹೇಳಿಲ್ಲ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಕೇಳಿದೆವು, ಅದಕ್ಕೆ ಉತ್ತರ ಕೊಟ್ಟಿತು. ಆ ತೂಕದಲ್ಲಿ ಕೊಬ್ಬೆಷ್ಟು, ಅದು ಕೂತಿರುವುದೆಲ್ಲಿ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಕೈಗೆ ಸಿಗುವ ಅಳತೆಗಳು ಮುಖ್ಯವಾಗಿ ಐದು: ಬಿಎಂಐ, ಹೊಟ್ಟೆಯ ಸುತ್ತಳತೆ, ಹೊಟ್ಟೆ–ಎತ್ತರದ ಅನುಪಾತ, ಹೊಟ್ಟೆ–ಪೃಷ್ಠದ ಅನುಪಾತ, ದೇಹದ ಕೊಬ್ಬಿನ ಶೇಕಡಾವಾರು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನ ವಯಸ್ಕರಿಗೆ ಬಿಎಂಐ ಜೊತೆಗೆ ಹೊಟ್ಟೆ–ಎತ್ತರದ ಅನುಪಾತ ಸೇರಿದರೆ ಸಾಕು. ಬೇಕಾದ ಸಾಮಾನು ಒಂದು ತೂಕದ ಯಂತ್ರ, ಒಂದು ದರ್ಜಿ ಟೇಪು. ಮಿಕ್ಕ ಮೂರು ಯಾರಿಗೆ ಬೇಕು, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಮುಂದೆ ನೋಡೋಣ.

ಬಿಎಂಐ: ಲೆಕ್ಕ ಸುಲಭ, ತಪ್ಪುವುದೂ ಸುಲಭ

ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 68 ÷ 1.65 ÷ 1.65 ಎಂದು ಒತ್ತಿದರೆ 24.98 ಬರುತ್ತದೆ. ವರ್ಗ ಮಾಡಿ ಭಾಗಿಸುವ ಗೋಜೇ ಬೇಡ.

ಅಂಕಿ ಕೆಡುವುದು ಸಾಮಾನ್ಯವಾಗಿ ಎತ್ತರದಲ್ಲಿ. ಅಡಿ–ಇಂಚಿನಲ್ಲಿ ಎತ್ತರ ಗೊತ್ತಿರುವವರು ಮಾಡುವ ಒಂದು ತಪ್ಪು ಎಷ್ಟು ಮಾಮೂಲಿಯೆಂದರೆ, ಅದನ್ನು ಬಿಡಿಸಿ ಹೇಳಲೇಬೇಕು. 5 ಅಡಿ 10 ಇಂಚು ಎಂಬುದನ್ನು 5.10 ಅಡಿ ಎಂದು ನಮೂದಿಸುತ್ತಾರೆ. 5 ಅಡಿ 10 ಇಂಚು ಎಂದರೆ 70 ಇಂಚು, ಅಂದರೆ 177.8 ಸೆಂ.ಮೀ. 5.10 ಅಡಿ ಎಂದರೆ ಬರೀ 155.4 ಸೆಂ.ಮೀ. 78 ಕೆ.ಜಿ. ತೂಗುವವರಿಗೆ ಮೊದಲನೆಯ ಲೆಕ್ಕದಲ್ಲಿ ಬಿಎಂಐ 24.7, ಎರಡನೆಯದರಲ್ಲಿ 32.3. ಒಂದು ಚುಕ್ಕೆ ಇಟ್ಟ ತಪ್ಪಿಗೆ ಮನುಷ್ಯ ಬೊಜ್ಜಿನ ಪಟ್ಟಿಗೆ ಸೇರಿಬಿಟ್ಟ. 5 ಅಡಿ 5 ಇಂಚನ್ನು ಐದೂವರೆ ಅಡಿ ಎಂದುಕೊಂಡರೆ ಇದೇ ತಪ್ಪು ಉಲ್ಟಾ ಆಗುತ್ತದೆ. ಎತ್ತರ ಎರಡೂವರೆ ಸೆಂ.ಮೀ. ಹೆಚ್ಚಿ ಬಿಎಂಐ ಚೆಂದ ಕಾಣುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಇಂಚಿಗೆ ತಂದು 2.54ರಿಂದ ಗುಣಿಸಿ.

ಎತ್ತರವನ್ನು ವರ್ಗ ಮಾಡುವುದರಿಂದ ಸಣ್ಣ ತಪ್ಪೂ ದುಪ್ಪಟ್ಟಾಗುತ್ತದೆ. ಮೇಲೆ ಹೇಳಿದ 165 ಸೆಂ.ಮೀ., 68 ಕೆ.ಜಿ.ಯ ವ್ಯಕ್ತಿಯ ನಿಜವಾದ ಎತ್ತರ 163 ಆಗಿದ್ದರೆ ಬಿಎಂಐ 25.6 ಆಗುತ್ತದೆ. 168 ಎಂದು ಹೇಳಿಕೊಂಡರೆ 24.1ಕ್ಕೆ ಇಳಿಯುತ್ತದೆ. ಕಾಲೇಜಿನ ದಿನಗಳ ಎತ್ತರವನ್ನೇ ಅರವತ್ತು ದಾಟಿದರೂ ಹೇಳುವವರು ಬಹಳ. ನಲವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂ.ಮೀ.ನಂತೆ ಎತ್ತರ ಇಳಿಯುತ್ತದೆ, ಎಪ್ಪತ್ತರ ನಂತರ ಇನ್ನೂ ಬೇಗ. ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ತೆಳುವಾಗುವುದು, ಕಶೇರುಗಳು ಕುಸಿಯುವುದು, ಬೆನ್ನು ಬಾಗುವುದು ಇದಕ್ಕೆ ಕಾರಣ.

ಎತ್ತರ ಅಳೆಯುವ ಸರಿಯಾದ ಕ್ರಮ ಹೀಗೆ. ಚಾಪೆ, ಕಾರ್ಪೆಟ್ ಇಲ್ಲದ ಗಟ್ಟಿ ನೆಲ, ಬುಡದಲ್ಲಿ ಮರದ ಪಟ್ಟಿ ಇಲ್ಲದ ಗೋಡೆ ಆರಿಸಿಕೊಳ್ಳಿ. ಚಪ್ಪಲಿ ಬಿಟ್ಟು, ತುರುಬು ಬಿಚ್ಚಿ, ಹಿಮ್ಮಡಿ, ಪೃಷ್ಠ, ಭುಜದ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಬೇಕು. ತಲೆಯ ಹಿಂಭಾಗ ತಾಗಲೇಬೇಕೆಂದಿಲ್ಲ. ಕಣ್ಣಿನ ಕೆಳಅಂಚು ಮತ್ತು ಕಿವಿಯ ರಂಧ್ರ ನೆಲಕ್ಕೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿರಬೇಕು. ಗಲ್ಲ ಎತ್ತಿದರೂ ತಗ್ಗಿಸಿದರೂ ಅಳತೆ ಬದಲಾಗುತ್ತದೆ. ನೆತ್ತಿಯ ಮೇಲೆ ದಪ್ಪ ರಟ್ಟಿನ ಪುಸ್ತಕವನ್ನು ಇಟ್ಟು, ಅದರ ಬೆನ್ನು ಗೋಡೆಗೆ ಚೌಕವಾಗಿ ಒತ್ತಿರುವುದನ್ನು ಖಚಿತಪಡಿಸಿಕೊಂಡು, ಕೆಳಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಬೇಕು. ಇದನ್ನು ಇನ್ನೊಬ್ಬರೇ ಮಾಡಬೇಕು. ತಾವೇ ತಲೆಯ ಮೇಲೆ ಪುಸ್ತಕ ಹಿಡಿದುಕೊಂಡರೆ ಅದು ಓರೆಯಾಗಿಯೇ ಆಗುತ್ತದೆ. ಅಳೆಯುವ ಹೊತ್ತನ್ನೂ ನೆನಪಿಡಿ. ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಯ ಹೊತ್ತಿಗೆ ಒಂದು ಸೆಂ.ಮೀ.ನಷ್ಟು ಇಳಿದಿರುತ್ತದೆ.

ತೂಕದ್ದು ಇಷ್ಟು ರಗಳೆಯಿಲ್ಲ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮುಂಚೆ, ತೆಳು ಬಟ್ಟೆಯಲ್ಲಿ ನಿಂತು ನೋಡಿ. ಒಂದೇ ದಿನದಲ್ಲಿ ತೂಕ ಒಂದೆರಡು ಕೆ.ಜಿ. ಏರಿಳಿಯುವುದು ಸಹಜ. ಉಪ್ಪು, ನೀರು, ಹೊಟ್ಟೆಯಲ್ಲಿರುವ ಆಹಾರ, ಮುಟ್ಟಿನ ದಿನಗಳು, ಹಿಂದಿನ ದಿನದ ವ್ಯಾಯಾಮ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ.

ಗೆರೆ ಎಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ 18.5ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕ, 18.5ರಿಂದ 24.9 ಸಾಮಾನ್ಯ, 25ರಿಂದ 29.9 ಅಧಿಕ ತೂಕ, 30 ಮತ್ತು ಮೇಲ್ಪಟ್ಟರೆ ಬೊಜ್ಜು. ಬೊಜ್ಜಿನೊಳಗೂ 35 ಮತ್ತು 40ರಲ್ಲಿ ಇನ್ನೆರಡು ಮೆಟ್ಟಿಲುಗಳಿವೆ. ತಗ್ಗಿನ ಕಡೆ 16ರ ಕೆಳಗಿರುವುದು ತೀವ್ರ ಕೃಶತೆ. ಅದು ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಸ್ಥಿತಿ.

ಏಷ್ಯಾದ ಜನರಿಗೆ ಇದೇ ಗೆರೆಗಳನ್ನು ಎಳೆದರೆ ಅಪಾಯ ಕಣ್ತಪ್ಪುತ್ತದೆ. ಅದೇ ಬಿಎಂಐನಲ್ಲಿ ಅವರಲ್ಲಿ ಕೊಬ್ಬಿನ ಪಾಲು ಹೆಚ್ಚು, ಸ್ನಾಯು ಕಡಿಮೆ. ಸಕ್ಕರೆ ಕಾಯಿಲೆಯೂ ಕಡಿಮೆ ಬಿಎಂಐನಲ್ಲೇ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಏಷ್ಯಾದವರಿಗಾಗಿ 23, 27.5, 32.5, 37.5 ಎಂಬ ಹೆಚ್ಚುವರಿ ಎಚ್ಚರಿಕೆಯ ಗೆರೆಗಳನ್ನು ಸೂಚಿಸಿತು. ಹಳೆಯ ಗೆರೆಗಳನ್ನು ಅಳಿಸಲಿಲ್ಲ, ಅವುಗಳ ಪಕ್ಕಕ್ಕೆ ಇವನ್ನು ಸೇರಿಸಿತು ಅಷ್ಟೆ. ಭಾರತದ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾರ್ಗಸೂಚಿ ಇನ್ನೂ ಬಿಗಿ: 23ರಿಂದ ಅಧಿಕ ತೂಕ, 25ರಿಂದಲೇ ಬೊಜ್ಜು. ಒಂದೇ ಅಂಕಿಗೆ ಒಂದು ಆ್ಯಪ್ ಹಸಿರು ಬಣ್ಣ, ಇನ್ನೊಂದು ಕಿತ್ತಳೆ ಬಣ್ಣ ತೋರಿಸಿದರೆ ಗಾಬರಿಯಾಗಬೇಡಿ. ಅವು ಬೇರೆ ಬೇರೆ ಪಟ್ಟಿ ಇಟ್ಟುಕೊಂಡಿವೆ.

165 ಸೆಂ.ಮೀ. ಎತ್ತರಕ್ಕೆ ಇದನ್ನು ಕೆ.ಜಿ.ಗೆ ಇಳಿಸಿ ನೋಡಿ. 18.5 ಎಂದರೆ 50.4 ಕೆ.ಜಿ., 23 ಎಂದರೆ 62.6, 25 ಎಂದರೆ 68.1, 30 ಎಂದರೆ 81.7. ಆರೋಗ್ಯಕರ ತೂಕ ಎಂಬುದು ಹನ್ನೆರಡು ಕೆ.ಜಿ.ಗಿಂತ ಅಗಲವಾದ ಪಟ್ಟಿ. ‘ನನ್ನ ಎತ್ತರಕ್ಕೆ ಸರಿಯಾದ ತೂಕ ಎಷ್ಟು’ ಎಂದು ಒಂದೇ ಸಂಖ್ಯೆ ಕೇಳುವುದರಲ್ಲಿ ಅರ್ಥವಿಲ್ಲ. ಗೆರೆಗಳು ಕೂಡ ಪ್ರಕೃತಿ ಕೊರೆದಿಟ್ಟವಲ್ಲ. ಅಮೆರಿಕದಲ್ಲಿ 1998ರವರೆಗೆ ಅಧಿಕ ತೂಕದ ಗೆರೆ ಗಂಡಸರಿಗೆ 27.8, ಹೆಂಗಸರಿಗೆ 27.3 ಇತ್ತು. ಅದನ್ನು 25ಕ್ಕೆ ಇಳಿಸಿದ್ದೇ ತಡ, ಒಂದು ಗ್ರಾಮೂ ತೂಕ ಹೆಚ್ಚಿಸಿಕೊಳ್ಳದ ಲಕ್ಷಾಂತರ ಮಂದಿ ಅಧಿಕ ತೂಕದವರಾದರು. 24.9ಕ್ಕೆ ನಿಟ್ಟುಸಿರು, 25.1ಕ್ಕೆ ನಿದ್ದೆಗೇಡು ಎರಡೂ ಬೇಡ. ಅಪಾಯ ಏರುವುದು ಇಳಿಜಾರಿನಂತೆ, ಮೆಟ್ಟಿಲಿನಂತೆ ಅಲ್ಲ.

ಬಿಎಂಐ ಕಣ್ಣಿಗೆ ಬೀಳದ್ದು

ಈ ಸೂತ್ರ ಕಂಡುಹಿಡಿದ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯನಲ್ಲ. ಆತ ಖಗೋಳ ಮತ್ತು ಸಂಖ್ಯಾಶಾಸ್ತ್ರದ ಮನುಷ್ಯ. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಾ ಹೋದವನಿಗೆ, ವಯಸ್ಕರ ತೂಕ ಹೆಚ್ಚುಕಮ್ಮಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದು ಕಂಡಿತು. ಬೊಜ್ಜು ಅವನ ತಲೆಯಲ್ಲೇ ಇರಲಿಲ್ಲ. ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ವಿಜ್ಞಾನಿ ಆ್ಯನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ. ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ತೂಗಿ ನೋಡಿದ ಅವರು, ಜನಸಮೂಹದ ಅಧ್ಯಯನಕ್ಕೆ ಇದ್ದುದರಲ್ಲಿ ಇದೇ ವಾಸಿ ಎಂದರು. ಆ ಅಳತೆಗಳಲ್ಲಿ ಹೆಂಗಸರು ಇರಲೇ ಇಲ್ಲ. ಸಮೂಹಕ್ಕೆಂದು ಹೊಲಿದ ಅಂಗಿಯನ್ನು ಒಬ್ಬೊಬ್ಬರಿಗೆ ತೊಡಿಸಿದರೆ ಎಲ್ಲೋ ಬಿಗಿ, ಎಲ್ಲೋ ಸಡಿಲ.

ಎಲ್ಲಿ ಬಿಗಿಯಾಗುತ್ತದೆ? ಭಾರ ಎತ್ತುವವರಲ್ಲಿ, ಕುಸ್ತಿಯವರಲ್ಲಿ ಸ್ನಾಯುವಿನ ತೂಕವನ್ನೇ ಕೊಬ್ಬು ಎಂದುಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಟೀಕೆ. ಎಷ್ಟು ಜನಪ್ರಿಯವೆಂದರೆ ವ್ಯಾಯಾಮವೇ ಮಾಡದವರೂ ‘ನನ್ನದು ಸ್ನಾಯು’ ಎಂದು ಅದರ ಹಿಂದೆ ಅಡಗಿಕೊಳ್ಳುತ್ತಾರೆ. ಸ್ನಾಯುವಿನಿಂದಲೇ ತೂಕ ಏರಿದವರು ನಿಜಕ್ಕೂ ಕಡಿಮೆ. ಬಿಎಂಐ 30 ದಾಟಿದವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೇ ಕೊಬ್ಬು ಹೆಚ್ಚಿರುತ್ತದೆ.

ದೊಡ್ಡ ತೊಂದರೆ ಇನ್ನೊಂದು ಕಡೆಯದು. ಕೊಬ್ಬು ಹೆಚ್ಚಿರುವ ಅನೇಕರನ್ನು ಬಿಎಂಐ ‘ಸಾಮಾನ್ಯ’ ಎಂದು ದಾಟಿಸಿ ಕಳಿಸುತ್ತದೆ. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ ಬಂದ ಮೈಕಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ತುಂಬಿಕೊಂಡರೆ ತೂಕ ಅಷ್ಟೇ ಇರುತ್ತದೆ, ಬಿಎಂಐ ಅಲುಗುವುದೇ ಇಲ್ಲ. ಅದರಲ್ಲೂ ಕರುಳು, ಯಕೃತ್ತಿನ ಸುತ್ತ ಕಟ್ಟುವ ಒಳಕೊಬ್ಬು ಚರ್ಮದಡಿಯ ಕೊಬ್ಬಿನಂತೆ ಸುಮ್ಮನೆ ಕೂರುವಂಥದಲ್ಲ. ಅದು ಕೊಬ್ಬಿನಾಮ್ಲಗಳನ್ನು ನೇರ ಯಕೃತ್ತಿಗೆ ಸುರಿಯುತ್ತದೆ, ಇನ್ಸುಲಿನ್ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ತೊಡೆ, ಪೃಷ್ಠದಲ್ಲಿ ಕೂತ ಕೊಬ್ಬಿನಿಂದ ಅಷ್ಟು ಹಾನಿಯಿಲ್ಲ. ಹಾಗಾಗಿ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬ ಪ್ರಶ್ನೆಗೆ ತೂಕ ಹೆಚ್ಚು.

ಎತ್ತರದವರಿಗೂ ಕುಳ್ಳಗಿನವರಿಗೂ ಸೂತ್ರ ಒಂದಿಷ್ಟು ಪಕ್ಷಪಾತ ಮಾಡುತ್ತದೆ ಎಂಬ ತಕರಾರು ಇದೆ. ಆಕ್ಸ್‌ಫರ್ಡ್‌ನ ಗಣಿತಜ್ಞ ನಿಕ್ ಟ್ರೆಫೆಥೆನ್ 2013ರಲ್ಲಿ ಬೇರೊಂದು ಸೂತ್ರ ಮುಂದಿಟ್ಟರು: ತೂಕವನ್ನು 1.3ರಿಂದ ಗುಣಿಸಿ, ಎತ್ತರದ 2.5ನೇ ಘಾತದಿಂದ ಭಾಗಿಸುವುದು. 190 ಸೆಂ.ಮೀ., 90 ಕೆ.ಜಿ.ಯವರ 24.9 ಇದರಲ್ಲಿ 23.5 ಆಗುತ್ತದೆ. 150 ಸೆಂ.ಮೀ., 56 ಕೆ.ಜಿ.ಯವರ ಅದೇ 24.9 ಏರಿ 26.4 ಆಗುತ್ತದೆ. ಕುತೂಹಲಕ್ಕೆ ಚೆನ್ನಾಗಿದೆ. ಆದರೆ ರೋಗದ ಅಪಾಯದ ಗೆರೆಗಳೆಲ್ಲ ಹಳೆಯ ಬಿಎಂಐ ಮೇಲೆ ನಿಂತಿರುವುದರಿಂದ ದಿನಬಳಕೆಗೆ ಇದನ್ನು ಆರಿಸಿಕೊಳ್ಳಿ ಎನ್ನಲಾರೆವು.

ಟೇಪು: ಎಲ್ಲಿ ಸುತ್ತಬೇಕು ಎಂಬುದೇ ಅರ್ಧ ಜಗಳ

ಕನ್ನಡದಲ್ಲಿ ‘ಸೊಂಟದ ಸುತ್ತಳತೆ’ ಎಂದರೆ ಒಬ್ಬರಿಗೆ ನಡು, ಇನ್ನೊಬ್ಬರಿಗೆ ಪ್ಯಾಂಟು ನಿಲ್ಲುವ ಜಾಗ, ಮತ್ತೊಬ್ಬರಿಗೆ ಅದಕ್ಕೂ ಕೆಳಗಿನ ಅಗಲದ ಭಾಗ. ಅದಕ್ಕೇ ಇಲ್ಲಿ ‘ಹೊಟ್ಟೆಯ ಸುತ್ತಳತೆ’ ಎನ್ನುತ್ತಿದ್ದೇವೆ. ಪ್ಯಾಂಟಿನ ಸೈಜನ್ನು ಮಾತ್ರ ಯಾವ ಕಾರಣಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ. ಹೊಟ್ಟೆ ಹತ್ತು ಸೆಂ.ಮೀ. ಬೆಳೆದರೂ ಸೈಜು ಹಳೆಯದೇ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಇದು. ಪಕ್ಕೆಯಲ್ಲಿ ಬೆರಳೊತ್ತಿ ಕೊನೆಯ ಪಕ್ಕೆಲುಬಿನ ಕೆಳಅಂಚು ಹುಡುಕಿ. ಅಲ್ಲಿಂದ ಕೆಳಗೆ ಬಂದು ಸೊಂಟದ ಮೂಳೆಯ ಮೇಲ್ತುದಿ ಹುಡುಕಿ. ಇವೆರಡರ ನಟ್ಟನಡುವೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಟೇಪು ಸುತ್ತಬೇಕಾದದ್ದು ಆ ಮಟ್ಟದಲ್ಲಿ. ಅದು ಹೊಕ್ಕುಳಿನ ಮಟ್ಟವೇ ಆಗಬೇಕಿಲ್ಲ, ಹೊಟ್ಟೆ ಜೋತವರಲ್ಲಿ ಹೊಕ್ಕುಳೂ ಕೆಳಗಿಳಿದಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲಿ ಸೊಂಟದ ಮೂಳೆಯ ಮೇಲ್ತುದಿಯಲ್ಲೇ ಅಳೆಯುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಪ್ರತಿಸಲವೂ ಒಂದೇ ಜಾಗವಿರಲಿ.

ಬಟ್ಟೆ ಸರಿಸಿ ಬರಿಮೈ ಮೇಲೆ ಟೇಪು ಸುತ್ತಿ. ಪಾದಗಳ ನಡುವೆ ಗೇಣಗಲ ಬಿಟ್ಟು ನಿಂತು ಕನ್ನಡಿಯಲ್ಲಿ ಪಕ್ಕದಿಂದ ನೋಡಿ. ಟೇಪು ಬೆನ್ನ ಹಿಂದೆ ಇಳಿದಿದ್ದರೆ ಅಳತೆ ಸುಳ್ಳು. ಟೇಪು ಮೈಗೆ ಅಂಟಿರಬೇಕು, ಚರ್ಮ ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು, ಆ ಉಸಿರಿನ ಕೊನೆಯಲ್ಲಿ ಓದಿ. ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುವುದು ಮನುಷ್ಯನ ಹುಟ್ಟುಗುಣ, ಆದ್ದರಿಂದ ಉಸಿರು ಬಿಡುತ್ತಾ ಎರಡು ಮಾತಾಡಿ ಆಮೇಲೆ ನೋಡುವುದು ಒಳ್ಳೆಯ ಉಪಾಯ. ಎರಡು ಸಲ ಅಳೆಯಿರಿ. ವ್ಯತ್ಯಾಸ ಒಂದು ಸೆಂ.ಮೀ. ಒಳಗಿದ್ದರೆ ಸರಾಸರಿ ಹಿಡಿಯಿರಿ, ಹೆಚ್ಚಾದರೆ ಮತ್ತೆ ಶುರುಮಾಡಿ. ಊಟವಾದ ಮೇಲೆ ಅಳೆಯಬೇಡಿ. ವರ್ಷಗಟ್ಟಲೆ ಬಳಸಿದ ಬಟ್ಟೆಯ ಟೇಪು ಹಿಗ್ಗಿರುತ್ತದೆ, ಹಿಗ್ಗಿದ ಟೇಪು ಹೊಟ್ಟೆಯನ್ನು ಸಣ್ಣದಾಗಿ ತೋರಿಸುತ್ತದೆ. ಉಕ್ಕಿನ ಸ್ಕೇಲಿನ ಪಕ್ಕ ಒಮ್ಮೆ ಇಟ್ಟು ಪರೀಕ್ಷಿಸಿ.

ಬರೀ ಸುತ್ತಳತೆಗೆ ಇರುವ ಗೆರೆಗಳು ಹೀಗಿವೆ. ಯುರೋಪಿನ ಮೂಲದ ಗಂಡಸರಿಗೆ 94 ಸೆಂ.ಮೀ. ದಾಟಿದರೆ ಅಪಾಯ ಹೆಚ್ಚು, 102 ದಾಟಿದರೆ ಬಹಳ ಹೆಚ್ಚು. ಹೆಂಗಸರಿಗೆ ಅವು 80 ಮತ್ತು 88. ದಕ್ಷಿಣ ಏಷ್ಯಾದವರಿಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2005ರಲ್ಲಿ ಇಟ್ಟ ಗೆರೆ ಗಂಡಸರಿಗೆ 90, ಹೆಂಗಸರಿಗೆ 80.

ಇದಕ್ಕಿಂತ ಎತ್ತರದ ಜೊತೆಗಿನ ಅನುಪಾತವೇ ನಮಗೆ ಹೆಚ್ಚು ಇಷ್ಟ. ಕಾರಣ ಲೆಕ್ಕದಲ್ಲೇ ಇದೆ. 155 ಸೆಂ.ಮೀ. ಎತ್ತರದ ಗಂಡಸಿಗೆ 90 ಸೆಂ.ಮೀ. ಹೊಟ್ಟೆ ಎಂದರೆ ಅನುಪಾತ 0.58. ಅದೇ 90 ಸೆಂ.ಮೀ. 185 ಸೆಂ.ಮೀ. ಎತ್ತರದವನಿಗೆ 0.49. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಸಲಹೆಗಳನ್ನು ರೂಪಿಸುವ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಬಿಎಂಐ 35ಕ್ಕಿಂತ ಕಡಿಮೆ ಇರುವ ವಯಸ್ಕರಿಗೆ ಈ ಅನುಪಾತವನ್ನೂ ನೋಡಿ ಎಂದಿತು. 0.4ರಿಂದ 0.49 ಆರೋಗ್ಯಕರ, 0.5ರಿಂದ 0.59 ಅಪಾಯ ಹೆಚ್ಚು, 0.6 ಮತ್ತು ಮೇಲ್ಪಟ್ಟರೆ ಇನ್ನೂ ಹೆಚ್ಚು. ಗಂಡು, ಹೆಣ್ಣು, ಮೂಲ ಯಾವುದೇ ಇರಲಿ ಗೆರೆ ಒಂದೇ. ‘ಹೊಟ್ಟೆ ಎತ್ತರದ ಅರ್ಧ ಮೀರಬಾರದು’ ಎಂದರೆ ಮುಗಿಯಿತು. ಟೇಪೂ ಇಲ್ಲವೇ? ನಿಮ್ಮ ಎತ್ತರದಷ್ಟು ಉದ್ದದ ದಾರ ಕತ್ತರಿಸಿ, ಮಧ್ಯಕ್ಕೆ ಮಡಚಿ, ಹೊಟ್ಟೆಗೆ ಸುತ್ತಿ. ತುದಿಗಳು ಸೇರದಿದ್ದರೆ 0.5 ದಾಟಿದೆ ಎಂದರ್ಥ. ಮೊದಲಲ್ಲಿ ಹೇಳಿದ ಇಬ್ಬರಲ್ಲಿ ಒಬ್ಬನದು 0.48, ಇನ್ನೊಬ್ಬನದು 0.57.

ಇದಕ್ಕೂ ಮಿತಿಗಳಿವೆ. ಬಿಎಂಐ 35 ದಾಟಿದವರಲ್ಲಿ ಟೇಪು ಹೊಸದೇನನ್ನೂ ಹೇಳುವುದಿಲ್ಲ, ಸರಿಯಾದ ಜಾಗ ಹುಡುಕುವುದೂ ಕಷ್ಟ. ಗರ್ಭಿಣಿಯರಿಗೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ ಇದು ಸಲ್ಲದು.

ಹೊಟ್ಟೆ–ಪೃಷ್ಠದ ಅನುಪಾತವನ್ನು ಬೇಗ ಮುಗಿಸಬಹುದು. ಹೊಟ್ಟೆಯ ಸುತ್ತಳತೆಯನ್ನು ಪೃಷ್ಠದ ಅತಿ ಅಗಲದ ಜಾಗದ ಸುತ್ತಳತೆಯಿಂದ ಭಾಗಿಸಬೇಕು. ಗಂಡಸರಿಗೆ 0.90, ಹೆಂಗಸರಿಗೆ 0.85 ಗೆರೆ. ಸಂಶೋಧನೆಗಳಲ್ಲಿ ಹೃದ್ರೋಗದ ಅಪಾಯವನ್ನು ಚೆನ್ನಾಗಿಯೇ ಮುನ್ಸೂಚಿಸಿದೆ. ಮನೆಯಲ್ಲಿ ತೂಕ ಇಳಿಸುವವರಿಗೆ ಮಾತ್ರ ಇದು ಬೇಸರ ತರಿಸುವ ಅಳತೆ. 96 ಮತ್ತು 104 ಇದ್ದ ಅಳತೆಗಳು 90 ಮತ್ತು 98ಕ್ಕೆ ಇಳಿದವು ಎನ್ನಿ. ಹೊಟ್ಟೆ ಆರು ಸೆಂ.ಮೀ. ಕರಗಿದೆ, ಅನುಪಾತವೋ 0.92ರಲ್ಲೇ ಕೂತಿದೆ. ಎರಡು ಕಡೆ ಅಳೆಯುವುದರಿಂದ ತಪ್ಪಿಗೂ ಎರಡು ಅವಕಾಶ.

ಕೊಬ್ಬಿನ ಶೇಕಡಾವಾರು: ಆಕರ್ಷಕ ಅಂಕಿ, ಅಲುಗಾಡುವ ಅಡಿಪಾಯ

ಯಂತ್ರದ ಮೇಲೆ ಬರಿಗಾಲಲ್ಲಿ ನಿಂತರೆ ಕೊಬ್ಬು, ಸ್ನಾಯು, ನೀರು, ಮೂಳೆ, ‘ದೇಹದ ವಯಸ್ಸು’ ಎಲ್ಲ ದಶಮಾಂಶದ ಸಮೇತ ಬರುತ್ತದೆ. ಅಷ್ಟು ನಿಖರವಾಗಿ ಬಂದದ್ದನ್ನು ನಂಬದಿರುವುದು ಕಷ್ಟ. ಯಂತ್ರ ನಿಜವಾಗಿ ಅಳೆಯುವುದು ಎರಡನ್ನೇ: ತೂಕ, ಮತ್ತು ಒಂದು ಪಾದದಿಂದ ಇನ್ನೊಂದಕ್ಕೆ ಹರಿಸಿದ ಅತಿ ಸಣ್ಣ ವಿದ್ಯುತ್ತಿಗೆ ಮೈ ಒಡ್ಡುವ ಪ್ರತಿರೋಧ. ಸ್ನಾಯುವಿನಲ್ಲಿ ನೀರು ಹೆಚ್ಚು, ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಹರಿವಿಗೆ ಅಡ್ಡಿ. ಉಳಿದದ್ದೆಲ್ಲ ನೀವು ತುಂಬಿದ ಎತ್ತರ, ವಯಸ್ಸು, ಲಿಂಗ ಸೇರಿಸಿ ಸೂತ್ರದಿಂದ ಮಾಡಿದ ಅಂದಾಜು. ಬೇಕಾದರೆ ಆ್ಯಪಿನಲ್ಲಿ ಎತ್ತರವನ್ನು ಐದು ಸೆಂ.ಮೀ. ಹೆಚ್ಚಿಸಿ ಮತ್ತೆ ನಿಂತು ನೋಡಿ. ಅರ್ಧ ನಿಮಿಷದಲ್ಲಿ ಕೊಬ್ಬು ಇಳಿದಿರುತ್ತದೆ!

ಪಾದದಿಂದ ಪಾದಕ್ಕೆ ಹರಿಯುವ ವಿದ್ಯುತ್ತು ಹೆಚ್ಚಾಗಿ ಕಾಲುಗಳಲ್ಲೇ ಸುತ್ತಿ ಬರುತ್ತದೆ, ಹೊಟ್ಟೆಯ ಬಗ್ಗೆ ಅದಕ್ಕೆ ಗೊತ್ತಾಗುವುದು ಅಷ್ಟಕ್ಕಷ್ಟೆ. ಕೈಹಿಡಿಯೂ ಇರುವ ಯಂತ್ರಗಳು ಈ ವಿಷಯದಲ್ಲಿ ತುಸು ವಾಸಿ. ಬೆವರು ಹರಿಸಿ ನೀರು ಕುಡಿಯದೆ ನಿಂತರೆ ಕೊಬ್ಬು ಹೆಚ್ಚು ತೋರಿಸಬಹುದು. ಕಾಲು ಊದಿಕೊಂಡಿದ್ದರೆ ಕಡಿಮೆ ತೋರಿಸಬಹುದು. ಇಂಥ ಯಂತ್ರ ಈಗಾಗಲೇ ಇದ್ದರೆ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ನಿಂತು, ತಿಂಗಳುಗಳ ಏರಿಳಿತ ಮಾತ್ರ ನೋಡಿ. ಇಲ್ಲದಿದ್ದರೆ ಇದಕ್ಕೆಂದೇ ಕೊಳ್ಳಬೇಕಾಗಿಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಮೇಲೆ ನಿಲ್ಲಬಾರದು.

ಚರ್ಮದ ಮಡಿಕೆಯನ್ನು ಚಿವುಟಿ ಹಿಡಿದು ಕ್ಯಾಲಿಪರಿನಿಂದ ದಪ್ಪ ಅಳೆಯುವುದು ಹಳೆಯ ವಿಧಾನ. ಪಳಗಿದ ಕೈಯಾದರೆ ಚೆನ್ನಾಗಿ ಬರುತ್ತದೆ. ಹೆಬ್ಬೆರಳು ತೋರುಬೆರಳಿನಿಂದ ಚರ್ಮ ಮತ್ತು ಅದರಡಿಯ ಕೊಬ್ಬನ್ನು ಮಾತ್ರ ಎತ್ತಬೇಕು, ಸ್ನಾಯು ಬರಬಾರದು. ಕ್ಯಾಲಿಪರ್ ಕಚ್ಚಿಸಿ ಎರಡು ಸೆಕೆಂಡಿನೊಳಗೆ ಓದಬೇಕು, ತಡವಾದಷ್ಟೂ ಕೊಬ್ಬು ಒತ್ತಿಹೋಗಿ ಅಂಕಿ ಇಳಿಯುತ್ತದೆ. ಅಳೆಯುವವರು ಬದಲಾದರೆ ಹಿಂದಿನ ಅಂಕಿಯ ಜೊತೆ ಹೋಲಿಸುವಂತಿಲ್ಲ. ಒಳಕೊಬ್ಬು ಇದಕ್ಕೂ ಕಾಣದು.

ಡೆಕ್ಸಾ ಸ್ಕ್ಯಾನ್ ಇವುಗಳ ಪೈಕಿ ನಂಬಬಹುದಾದದ್ದು. ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮೃದು ಭಾಗವನ್ನು ಬಿಡಿಸಿ ತೋರಿಸುತ್ತದೆ, ಕೈ, ಕಾಲು, ಮುಂಡದ ಲೆಕ್ಕ ಬೇರೆಬೇರೆಯಾಗಿ ಕೊಡುತ್ತದೆ. ಎಕ್ಸ್‌ರೇ ಪ್ರಮಾಣ ತೀರಾ ಕಡಿಮೆಯಾದರೂ ಗರ್ಭಿಣಿಯರಿಗೆ ಮಾಡುವುದಿಲ್ಲ. ಒಂದು ಕಂಪನಿಯ ಯಂತ್ರದ ವರದಿಯನ್ನು ಇನ್ನೊಂದರ ವರದಿಯ ಪಕ್ಕ ಇಟ್ಟು ಹೋಲಿಸಬಾರದು. ಕ್ರೀಡಾಪಟುಗಳಿಗೆ, ಸ್ನಾಯು ಕರಗುವ ಕಾಯಿಲೆಯವರಿಗೆ, ಸಂಶೋಧನೆಗೆ ಇದು ಸರಿ. ಹೊಟ್ಟೆ ಕರಗಿಸಬೇಕೆಂದಿರುವವರಿಗೆ ಟೇಪು ಹೇಳುವುದಕ್ಕಿಂತ ಹೆಚ್ಚಿಗೆ ಇದರಿಂದ ತಿಳಿಯುವುದು ಕಡಿಮೆ. ಅಂಕಿ ನಿಖರವಾಗಿ ಸಿಕ್ಕಿದರೂ ಅದನ್ನು ಹೋಲಿಸಲು ಎಲ್ಲರೂ ಒಪ್ಪಿದ ಗೆರೆಯಿಲ್ಲ ಎಂಬುದು ಇನ್ನೊಂದು ತೊಡಕು. ಗಂಡಸರಿಗೆ ಶೇ. 25, ಹೆಂಗಸರಿಗೆ ಶೇ. 35ರ ಆಸುಪಾಸಿನ ಗೆರೆಗಳು ಬಳಕೆಯಲ್ಲಿವೆ ಅಷ್ಟೆ.

ಯಾರಿಗೆ ಯಾವುದು

ಮಕ್ಕಳಿಗೆ ದೊಡ್ಡವರ ಪಟ್ಟಿ ಹಾಕುವುದು ಶುದ್ಧ ತಪ್ಪು. ಮಗುವಿನ ಬಿಎಂಐ ಮೊದಲ ವರ್ಷ ಏರಿ, ಆಮೇಲೆ ಐದಾರು ವರ್ಷದವರೆಗೆ ಇಳಿದು, ಮತ್ತೆ ಏರುತ್ತದೆ. 17 ಎಂದರೆ ದೊಡ್ಡವರಿಗೆ ಕಡಿಮೆ ತೂಕ. ಆರು ವರ್ಷದ ಹುಡುಗನಿಗೆ ಅದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಆಗಲೇ ಅಧಿಕ ತೂಕ. ಐದು ವರ್ಷದವರೆಗೆ ಆ ಸಂಸ್ಥೆಯ 2006ರ ಬೆಳವಣಿಗೆಯ ಪಟ್ಟಿ, 5ರಿಂದ 19ರವರೆಗೆ 2007ರ ಪಟ್ಟಿ ನೋಡಬೇಕು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಪಟ್ಟಿಗಳಿವೆ, ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಬೇಕು. ಪಟ್ಟಿಯ ನಕ್ಷೆಯಲ್ಲಿ ಗುರುತಿಸಿದ ಒಂದು ದಿನದ ಚುಕ್ಕೆಗಿಂತ ಚುಕ್ಕೆಗಳು ಸಾಗುವ ದಾರಿ ಮುಖ್ಯ. ಒಂದೇ ಗೆರೆಯ ಜಾಡಿನಲ್ಲಿ ಬೆಳೆಯುತ್ತಿದ್ದ ಮಗು ಆರು ತಿಂಗಳಲ್ಲಿ ಎರಡು ಗೆರೆ ಹಾರಿದರೆ ಅಥವಾ ಜಾರಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ವಯಸ್ಸಾದವರಲ್ಲಿ ಭಯ ತಿರುಗುಮುರುಗಾಗುತ್ತದೆ. ಅಲ್ಲಿ ಹೆಚ್ಚು ಕಾಡುವುದು ಸ್ನಾಯು ಕರಗುವುದು. ಅಪೌಷ್ಟಿಕತೆಗಾಗಿ 2019ರಲ್ಲಿ ರೂಪಿಸಿದ ಗ್ಲಿಮ್ ಮಾನದಂಡದಲ್ಲಿ 70 ದಾಟಿದವರಿಗೆ 22ಕ್ಕಿಂತ ಕಡಿಮೆ ಬಿಎಂಐಯೇ ಅಪಾಯದ ಗುರುತು, ಏಷ್ಯಾದವರಿಗೆ 20. 18.5ರವರೆಗೆ ಇಳಿಯಲಿ ಎಂದು ಕಾಯಬಾರದು. ಇವರಿಗೆ ಟೇಪನ್ನು ಹೊಟ್ಟೆಗಿಂತ ಮೀನಖಂಡಕ್ಕೆ ಸುತ್ತುವುದು ಮೇಲು. ಅತಿ ದಪ್ಪವಿರುವ ಜಾಗದಲ್ಲಿ ಅಳೆದಾಗ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಬಂದರೆ ಸ್ನಾಯು ಕ್ಷಯದ ಪರೀಕ್ಷೆ ಮಾಡಿಸಬೇಕು ಎಂಬುದು ಏಷ್ಯಾದ ತಜ್ಞರ ಗುಂಪಿನ 2019ರ ಸಲಹೆ. ಬಯಸದೆಯೇ ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ.ಯವರಲ್ಲಿ ಮೂರು ಕೆ.ಜಿ.ಗಿಂತ ಹೆಚ್ಚು ಇಳಿದಿದ್ದರೆ ಬಿಎಂಐ ಎಷ್ಟೇ ಇರಲಿ ಕಾರಣ ಹುಡುಕಿಸಲೇಬೇಕು.

ಗರ್ಭಿಣಿಯರಿಗೆ ಲೆಕ್ಕಕ್ಕೆ ಬರುವುದು ಬಸುರಿಗೆ ಮುಂಚಿನ ಬಿಎಂಐ. ಅಮೆರಿಕದ ವೈದ್ಯಕೀಯ ಸಂಸ್ಥೆಯ 2009ರ ಸಲಹೆಯಂತೆ ಒಂದೇ ಮಗುವಿದ್ದರೆ, ಆ ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರು ಒಟ್ಟು 12.5ರಿಂದ 18 ಕೆ.ಜಿ., 18.5ರಿಂದ 24.9 ಇದ್ದವರು 11.5ರಿಂದ 16, 25ರಿಂದ 29.9 ಇದ್ದವರು 7ರಿಂದ 11.5, 30 ದಾಟಿದವರು 5ರಿಂದ 9 ಕೆ.ಜಿ. ಏರಬಹುದು. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಯಿಂದ ಮೈ ಊದಿಕೊಂಡವರಲ್ಲಿ ತೂಕದ ಒಂದು ಭಾಗ ಬರೀ ನೀರು. ಅವರ ಬಿಎಂಐ ಪೋಷಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಒಳಗೊಳಗೇ ಕೃಶರಾಗುತ್ತಿರುವುದನ್ನು ಮುಚ್ಚಿಡುತ್ತದೆ ಕೂಡ.

ಎರಡು ಅಳತೆ ಎರಡು ಮಾತು ಹೇಳಿದರೆ

ಬಿಎಂಐ 27, ಹೊಟ್ಟೆ–ಎತ್ತರ 0.46: ಬಹುಶಃ ಸ್ನಾಯುವಿನ ಮೈ, ಅಥವಾ ಕೊಬ್ಬು ತೊಡೆ–ಪೃಷ್ಠದಲ್ಲಿದೆ. ತೂಕ ಇಳಿಸುವ ಧಾವಂತ ಬೇಡ, ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿದರೆ ಆಯಿತು. ಬಿಎಂಐ 22, ಅನುಪಾತ 0.54: ಎಲ್ಲರೂ ‘ನೀನೇನು ದಪ್ಪವಿಲ್ಲ ಬಿಡು’ ಎನ್ನುವುದು ಇವರಿಗೇ, ತಪಾಸಣೆ ಬೇಗ ಬೇಕಿರುವುದೂ ಇವರಿಗೇ. ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ), ಟ್ರೈಗ್ಲಿಸರೈಡ್ ಸಹಿತ ಕೊಬ್ಬಿನ ಪರೀಕ್ಷೆ, ರಕ್ತದೊತ್ತಡ, ಯಕೃತ್ತಿನ ಪರೀಕ್ಷೆ ಮಾಡಿಸಿ. ಇವರು ಊಟ ಬಿಟ್ಟು ತೂಕ ಇಳಿಸಲು ಹೋದರೆ ಇರುವ ಅಷ್ಟಿಷ್ಟು ಸ್ನಾಯುವೂ ಹೋಗುತ್ತದೆ. ಸ್ನಾಯು ಬೆಳೆಸುವ ವ್ಯಾಯಾಮವೇ ಇವರಿಗೆ ಮೊದಲ ಮದ್ದು. ಎರಡೂ ಅಳತೆಗಳು ಗೆರೆ ದಾಟಿದ್ದರೆ ಗೊಂದಲವೇ ಇಲ್ಲ.

ತಜ್ಞರೂ ಇದೇ ದಿಕ್ಕಿನಲ್ಲಿ ನಡೆದಿದ್ದಾರೆ. ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರ ತಜ್ಞರ ಆಯೋಗ 2025ರ ಜನವರಿಯಲ್ಲಿ, ಬಿಎಂಐ ಒಂದನ್ನೇ ನೋಡಿ ಬೊಜ್ಜು ಎಂದು ತೀರ್ಮಾನಿಸಬಾರದು, ಜೊತೆಗೆ ಸುತ್ತಳತೆ ಅಥವಾ ಅನುಪಾತಗಳಲ್ಲಿ ಒಂದಾದರೂ ಇರಬೇಕು, ಇಲ್ಲವೇ ಕೊಬ್ಬನ್ನೇ ನೇರವಾಗಿ ಅಳೆಯಬೇಕು ಎಂದಿತು. 40 ದಾಟಿದ ಬಿಎಂಐಗೆ ಮಾತ್ರ ಇನ್ನೊಂದು ಸಾಕ್ಷಿ ಬೇಡ ಎಂದು ವಿನಾಯಿತಿ ಕೊಟ್ಟಿತು.

ತೂಕ ಇಳಿಸಲು ಹೊರಟವರು 165 ಸೆಂ.ಮೀ. ಎತ್ತರದಲ್ಲಿ ಬಿಎಂಐ ಒಂದು ಅಂಕ ಇಳಿಯಲು 2.7 ಕೆ.ಜಿ. ಇಳಿಯಬೇಕೆಂಬುದನ್ನು ಲೆಕ್ಕದಲ್ಲಿಡಲಿ. ವಾರಕ್ಕೆ ಮೂರು ಸಲ ತೂಕ ನೋಡಿ ಸರಾಸರಿ ಬರೆದಿಡಿ. ಟೇಪಿಗೆ ತಿಂಗಳಿಗೊಮ್ಮೆ ಸಾಕು, ಅದಕ್ಕಿಂತ ಪದೇಪದೇ ಅಳೆದರೆ ನೋಡುವುದು ಕೈಯ ತಪ್ಪನ್ನೇ ಹೊರತು ಹೊಟ್ಟೆಯನ್ನಲ್ಲ. ಈಗಿನ ತೂಕದ ಶೇ. 5 ಇಳಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸಲು ತೊಡಗುತ್ತವೆ. 80 ಕೆ.ಜಿ.ಯವರಿಗೆ ಅದು ನಾಲ್ಕು ಕೆ.ಜಿ., ಬಿಎಂಐ ‘ಸಾಮಾನ್ಯ’ಕ್ಕೆ ಬರದಿದ್ದರೂ ಸರಿ. ಭಾರ ಎತ್ತುವ ವ್ಯಾಯಾಮ ಹೊಸದಾಗಿ ಶುರುಮಾಡಿದವರಿಗೆ ಎರಡು ಮೂರು ತಿಂಗಳು ತೂಕ ನಿಂತಲ್ಲೇ ನಿಂತಿದ್ದು, ಟೇಪು ಮಾತ್ರ ಮೂರು ನಾಲ್ಕು ಸೆಂ.ಮೀ. ಇಳಿಯಬಹುದು. ಆಗ ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿ ಟೇಪನ್ನು ನಂಬಿ.